ಆಷಾಢದಲ್ಲಿ ಹೂ ಬಿಟ್ಟ ಅವರೆ

ಮೂರು ವರ್ಷದ ಹಿಂದೆ ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ, ತುಮಕೂರಿನ ನಮ್ಮ ಮನೆಯ ಹಿತ್ತಲಲ್ಲಿ ಊರಿದ್ದ 24 ಅವರೆ ಗಿಡಗಳಲ್ಲಿ 5 ಗಿಡ ಹೂ ಬಿಟ್ಟಿದ್ದವು. ಬೇರೆ ಯಾವ ಗಿಡವಾದರೂ ಊರಿದ ಐವತ್ತು ದಿನಕ್ಕೇ ಹೂ ತೋರಿಸಿದ್ದರೆ ಮನೆಯವರನ್ನೆಲ್ಲ ಕರೆದು ತೋರಿಸಿ ಸಂತೋಷಪಡುತ್ತಿದ್ದೆ. ಆದರೆ ಇದು ನಮ್ಮ ಅಜ್ಜಿಯ ಕಾಲದ ಅವರೆಯೆಂದು ನಂಬಿ ಕುಣಿಗಲ್ ಕಡೆಯಲ್ಲಿರುವ ನಮ್ಮ ಸೋದರತ್ತೆಯ ಮನೆಯಿಂದ ಕೇಳಿ ತಂದ ಬೀಜ, ಮತ್ತು ಅಜ್ಜಿಯ ಅವರೆ ಆಷಾಢದಲ್ಲಿ ಹೂ ಬಿಡುವ ಜಾತಿಯೇ ಅಲ್ಲ. ಆ ಹೂಗೊಂಚಲನ್ನು ನೋಡುತ್ತ ನಿಂತಾಗ, ಹದಿನೈದು ವರ್ಷ ಹುಡುಕಿ ತಂದದ್ದು ಕೈಗೆ ಸಿಕ್ಕಿಯೂ ಸಿಗದಂತಾಯಿತಲ್ಲ ಎಂದು ಎದೆ ಭಾರವಾಯಿತು.

ಮಾಗಡಿ ಸೀಮೆಯ ನಮ್ಮ ಊರಿನಲ್ಲಿ ಅವರೆಗೆಂದು ಬೇರೆ ಹೊಲ ಇರುತ್ತಿರಲಿಲ್ಲ. ಪುನರ್ವಸು ಮಳೆಯೋ ಪುಷ್ಯ ಮಳೆಯೋ ಹದ ಕೊಟ್ಟಾಗ ರಾಗಿಗೆ ಕೂರಿಗೆ ಹೂಡುತ್ತಿದ್ದರು. ಹಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು, ಆ ಅಕ್ಕಡಿಯಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಲ್ಲೊಂದು ಇಲ್ಲೊಂದು ಜೋಳ. ಕೂರಿಗೆಯ ಹಿಂದೆ ನಡೆಯುತ್ತ ಬಿದಿರಿನ ಕೊಳವೆಗೆ ಅಕ್ಕಡಿ ಬೀಜವನ್ನು ಬೆರಳ ಸಂದಿನಿಂದ ಲೆಕ್ಕವಿಟ್ಟಂತೆ ಬಿಡುತ್ತಿದ್ದವರು ಹೆಂಗಸರು. ಕಾರ್ತೀಕದಲ್ಲಿ ರಾಗಿ ಕೊಯ್ಲಾದ ಮೇಲೆ, ಬರಿದಾದ ಹೊಲದಲ್ಲಿ ಅವರೆಯೊಂದೇ ಹಬ್ಬಿಕೊಂಡು, ಮೇಲಿನಿಂದ ಒಂದು ಹನಿ ಮಳೆಯಿಲ್ಲದಿದ್ದರೂ ನೆಲದ ಅಡಿಯ ತೇವವನ್ನೂ ಮಾಗಿಯ ಇಬ್ಬನಿಯನ್ನೂ ನೆಚ್ಚಿಕೊಂಡು ಕಾಯಿ ಕಚ್ಚುತ್ತಿತ್ತು. ಧನುರ್ಮಾಸ ಬಂತೆಂದರೆ ಬೆಳಗಿನ ಜಾವದ ಮಂಜಿನಲ್ಲಿ ಹೊಲದ ಬದುವಿನವರೆಗೂ ಸೊಗಡಿನ ವಾಸನೆ ಬರುತ್ತಿತ್ತು. ಸೊಗಡು ಎನ್ನುವುದು ಕಾಳಿನ ರುಚಿಯಲ್ಲ, ಕಾಯಿಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಅಂಟಿನ ಪರಿಮಳ. ಒಂದು ಮೊರದ ತುಂಬ ಕಾಯಿ ಸುಲಿದವರ ಬೆರಳಿನಲ್ಲಿ ಮಾರನೆಯ ದಿನವೂ ಅದು ಉಳಿದಿರುತ್ತದೆ.

ಈ ಅವರೆ ಹೂ ಬಿಡುವುದು ವಯಸ್ಸನ್ನು ನೋಡಿ ಅಲ್ಲ, ಇರುಳಿನ ಉದ್ದವನ್ನು ನೋಡಿ. ನಮ್ಮ ಭಾಗದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆಯಷ್ಟೇ. ಅಷ್ಟು ಸಣ್ಣ ವ್ಯತ್ಯಾಸವನ್ನು ಬಳ್ಳಿ ಅಳೆದುಕೊಂಡು, ಇರುಳು ಸಾಕಷ್ಟು ಬೆಳೆಯುವವರೆಗೆ ಎಲೆಯನ್ನೇ ಬಿಡುತ್ತ ಕಾಯುತ್ತದೆ. ಜೂನ್‌ನಲ್ಲಿ ಊರಿದರೂ ಆಗಸ್ಟ್‌ನಲ್ಲಿ ಊರಿದರೂ ಹೂವಿನ ಸಮಯದಲ್ಲಿ ಹೆಚ್ಚಿನ ವ್ಯತ್ಯಾಸವಾಗದಿರುವುದಕ್ಕೆ ಇದೇ ಕಾರಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದ ಎಚ್‌ಎ-3, ಎಚ್‌ಎ-4 ಎಂಬ ಹೆಬ್ಬಾಳದ ತಳಿಗಳು ಈ ಕಟ್ಟಿನಿಂದ ಬಿಡಿಸಿಕೊಂಡವು. ಅವು ಗಿಡ್ಡಗೆ ಪೊದೆಯಾಗಿ ಬೆಳೆದು ವರ್ಷದ ಯಾವ ತಿಂಗಳಲ್ಲಿ ಹಾಕಿದರೂ ಕಾಯಿ ಕೊಡುತ್ತವೆ. ಸಂತೆಯಲ್ಲಿ ಜುಲೈನಲ್ಲೂ ಅವರೆಕಾಯಿ ಸಿಗುವುದು ಅವುಗಳಿಂದ. ನಾನು ಆ ತಳಿಗಳನ್ನು ದೂರುವವಳಲ್ಲ, ನೀರಿನ ಅನುಕೂಲವಿರುವ ಎಷ್ಟೋ ಸಣ್ಣ ರೈತರ ಮನೆಗೆ ಅವು ತಿಂಗಳ ದುಡ್ಡು ತಂದಿವೆ. ಆದರೆ ಅಕ್ಕಪಕ್ಕದ ಹೊಲಗಳಲ್ಲಿ ಎರಡೂ ಹೂ ಬಿಟ್ಟು ನಿಂತಾಗ ದುಂಬಿಗೆ ಇದು ನಾಟಿ, ಇದು ಹೆಬ್ಬಾಳದ್ದು ಎಂಬ ಭೇದ ತಿಳಿಯುವುದಿಲ್ಲ. ಅವರೆಯ ಹೂ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟಿಕೊಳ್ಳುವುದಾದರೂ, ಕಪ್ಪು ಬಡಗಿ ದುಂಬಿಗಳು ಒಂದಿಷ್ಟನ್ನು ಅತ್ತಿಂದಿತ್ತ ಸಾಗಿಸುತ್ತವೆ. ಅತ್ತೆಯ ಮನೆಯ ಸುತ್ತ ಏಳೆಂಟು ವರ್ಷದಿಂದ ಗಿಡ್ಡವರೆಯನ್ನೇ ಬೆಳೆಯುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಬೀಜ ನಮ್ಮ ಮನೆಯಿಂದ ಹೋದದ್ದು ಹೇಗೆಂದರೆ, ಯಾರೂ ಅದನ್ನು ಬಿಟ್ಟದ್ದಲ್ಲ, ಹೊಲವೇ ಹೋಯಿತು. ಅಜ್ಜಿಯ ಖುಷ್ಕಿ ಹೊಲದ ಮುಕ್ಕಾಲು ಪಾಲಿಗೆ ಚಿಕ್ಕಪ್ಪಂದಿರು ನೀಲಗಿರಿ ಹಾಕಿದರು, ಉಳಿದದ್ದು ಕೆಲವು ವರ್ಷಕ್ಕೆ ಸೈಟಾಯಿತು. ಅಜ್ಜಿ ತೀರಿಕೊಂಡ ಮೇಲೆ ಅಟ್ಟದ ಗಡಿಗೆಯಲ್ಲಿ ಅವರೆ ಬೀಜ ಇದ್ದೇ ಇತ್ತು. ಯಾರೂ ಊರಲಿಲ್ಲ, ಯಾರೂ ಬಿಸಿಲಿಗೆ ಹಾಕಲಿಲ್ಲ. ನಾನು ಕೆಲಸಕ್ಕೆ ಸೇರಿ, ಸ್ವಂತ ಮನೆ ಕಟ್ಟಿ, ಹಿತ್ತಲೆಂದು ಒಂದಿಷ್ಟು ಜಾಗ ಮಾಡಿಕೊಂಡು ಆ ಗಡಿಗೆಯನ್ನು ಇಳಿಸಿದಾಗ ಪ್ರತಿ ಕಾಳಿಗೂ ದುಂಡನೆಯ ತೂತು ಬಿದ್ದಿತ್ತು, ತಳದಲ್ಲಿ ಒಂದು ಬೊಗಸೆ ಹಿಟ್ಟು ಉಳಿದಿತ್ತು. ಅತ್ತೆ 1971ರಲ್ಲಿ ಮದುವೆಯಾಗಿ ಹೋಗುವಾಗ ಅಜ್ಜಿ ಮಡಿಲಕ್ಕಿಯ ಜೊತೆಗೆ ಅವರೆ, ಅಲಸಂದೆ, ಸೋರೆ ಬೀಜವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕೊಟ್ಟಿದ್ದಳು ಎಂಬ ಮಾತು ಒಂದು ಮದುವೆಮನೆಯ ಹರಟೆಯಲ್ಲಿ ಬಾರದಿದ್ದರೆ ನನ್ನ ಹುಡುಕಾಟ ಅಲ್ಲಿಗೇ ನಿಲ್ಲುತ್ತಿತ್ತು. ಅತ್ತೆ ಅರ್ಧ ಸೇರು ಕೊಟ್ಟರು. ರಾಗಿ ಹೊಲದ ಕಾಲಕ್ಕೆ ಕಾಯುವ ತಾಳ್ಮೆ ನನಗಿರಲಿಲ್ಲ; ರೋಹಿಣಿ ಮಳೆಗೇ ಊರಿಬಿಟ್ಟೆ. ಆ ಅವಸರದಿಂದಲೇ ಬೆರಕೆ ಬಯಲಾದದ್ದು. ಪುನರ್ವಸುವಿಗೆ ಊರಿದ್ದರೆ ಬೇಗ ಹೂ ಬಿಡುವುವೂ ತಡವಾಗಿ ಬಿಡುವುವೂ ಅಷ್ಟು ದೂರ ದೂರ ನಿಲ್ಲುತ್ತಿರಲಿಲ್ಲ.

ಆ ಐದು ಗಿಡಗಳನ್ನು ಏನು ಮಾಡುವುದೆಂದು ನನಗೆ ತೋಚಲಿಲ್ಲ. ಊರಿನಿಂದ ದೊಡ್ಡಮ್ಮನನ್ನು ಕರೆಸಿದೆ. ದೊಡ್ಡಮ್ಮ ನಮ್ಮ ದೊಡ್ಡಪ್ಪನ ಹೆಂಡತಿ, ಅಜ್ಜಿಯ ಹಿರಿಯ ಸೊಸೆ, ಮೂವತ್ತು ವರ್ಷ ಆ ಅಕ್ಕಡಿ ಸಾಲಿಗೆ ಬೀಜ ಬಿಟ್ಟವರು. ಅವರು ಹಿತ್ತಲಿಗೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಇದು ನಮ್ಮನೇದಲ್ಲ ಮಗ, ಕಿತ್ತಾಕು" ಎಂದರು. ಎಳೆ ಕಾಯಿ ಕಚ್ಚಿದ್ದ ಗಿಡವನ್ನು ಕೀಳಲು ನನಗೆ ಮನಸ್ಸು ಬಾರದ್ದನ್ನು ಕಂಡು ತಾವೇ ಬಗ್ಗಿ ಬುಡಸಮೇತ ಕಿತ್ತು ಎಮ್ಮೆ ಕಟ್ಟಿದವರ ಮನೆಗೆ ಕಳಿಸಿದರು. ಉಳಿದ ಹತ್ತೊಂಬತ್ತು ಆಗ ಮೊಗ್ಗನ್ನೂ ಬಿಟ್ಟಿರಲಿಲ್ಲವಾದ್ದರಿಂದ ಈ ಐದರ ಪರಾಗ ಅವಕ್ಕೆ ತಾಗುವ ಭಯವಿರಲಿಲ್ಲ. ಮಾಗಿಯಲ್ಲಿ ಮತ್ತೆ ಬಂದ ದೊಡ್ಡಮ್ಮ ಒಂದೊಂದು ಬಳ್ಳಿಯ ಕಾಯಿಯನ್ನೂ ಮುರಿದು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು ನೋಡಿದರು. ಅದರಲ್ಲೂ ಎರಡು ಗಿಡ ಅವರ ಪರೀಕ್ಷೆಯಲ್ಲಿ ಸೋತವು: ಒಂದರ ಕಾಯಿ ತೀರ ಚಪ್ಪಟೆ, ಇನ್ನೊಂದಕ್ಕೆ ಸೊಗಡೇ ಇಲ್ಲ.

ಆ ದಿನ ನನಗೆ ತಿಳಿದದ್ದೇನೆಂದರೆ, ಅಜ್ಜಿಯ ಮನೆಯಲ್ಲಿ ಉಳಿಸಿಕೊಂಡು ಬಂದದ್ದು ಬೀಜವನ್ನು ಮಾತ್ರವಲ್ಲ, ಯಾವ ಗಿಡ ನಮ್ಮದು ಎಂದು ಹೇಳಬಲ್ಲ ಕಣ್ಣನ್ನೂ ಮೂಗನ್ನೂ. ಪ್ರತಿ ವರ್ಷ ಯಾರೋ ಒಬ್ಬರು ಹೊಲದಲ್ಲಿ ನಡೆದು, ಇದು ಇರಲಿ, ಇದು ಸಾರಿಗೆ ಹೋಗಲಿ ಎಂದು ತೀರ್ಮಾನಿಸುತ್ತಿದ್ದರಿಂದ ಆ ಅವರೆ ಹಾಗಿತ್ತು. ಅತ್ತೆಯ ಮನೆಯಲ್ಲಿ ಬೀಜ ಉಳಿದಿತ್ತು, ಆದರೆ ಅತ್ತೆಗೆ ಮಂಡಿನೋವು ಬಂದು ಹೊಲಕ್ಕೆ ಹೋಗುವುದು ನಿಂತು ಹತ್ತು ವರ್ಷವಾಗಿತ್ತು; ಕೂಲಿಯವರು ಕೊಯ್ದು ತಂದ ಕಾಯಿಯಲ್ಲಿ ಉಳಿದದ್ದೇ ಮರುವರ್ಷದ ಬೀಜವಾಗುತ್ತಿತ್ತು. ಅವರೆ ನಮ್ಮ ನಾಡಿಗೆ ಹೊಸದೇನಲ್ಲ, ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳ ಅಗೆತದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ಸುಟ್ಟ ಅವರೆ ಕಾಳು ಸಿಕ್ಕಿವೆ. ಅಷ್ಟು ಕಾಲ ಕೈಯಿಂದ ಕೈಗೆ ಬಂದದ್ದು ಒಂದು ಮನೆಯ ಹತ್ತು ವರ್ಷದ ಮರೆವಿನಲ್ಲಿ ಗುರುತು ಸಿಗದಂತಾಗುತ್ತದೆ.

ದೊಡ್ಡಮ್ಮನಿಂದ ಕೇಳಿದ್ದನ್ನೆಲ್ಲ ಆ ಸಂಕ್ರಾಂತಿಯಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಬಳ್ಳಿಯ ಕಾಂಡ ಹಸಿರು, ಗಿಣ್ಣಿನ ಹತ್ತಿರ ಕೆಂಪು ಛಾಯೆ ಇಲ್ಲ, ಹೂ ಬಿಳಿ, ಕಾಯಿ ಕುಡುಗೋಲಿನಂತೆ ಸ್ವಲ್ಪ ಬಾಗಿ, ಕಾಳಿರುವಲ್ಲಿ ಉಬ್ಬಿರಬೇಕು, ಕಾಯಿಗೆ ನಾಲ್ಕು ಕಾಳು, ಅಪರೂಪಕ್ಕೆ ಐದು, ಒಣಗಿದ ಕಾಳು ಮಾಸಲು ಕಂದು, ಅದರ ಬೆನ್ನಿನ ಮೇಲೆ ಬಿಳಿಯ ದಪ್ಪ ಗೆರೆ, ಹಿತಕಿದಾಗ ಸಿಪ್ಪೆ ಒಂದೇ ಒತ್ತಿಗೆ ಜಾರಿ ಬೇಳೆ ಎರಡು ಹೋಳಾಗದೆ ಬರಬೇಕು. ಈ ಕೊನೆಯದು ದೊಡ್ಡಮ್ಮನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಮಾರನೆಯ ವರ್ಷ 30 ಗಿಡ ಊರಿದೆ, ಮತ್ತೆ ರೋಹಿಣಿ ಮಳೆಗೇ, ಈ ಬಾರಿ ಬೇಕೆಂದೇ. 3 ಗಿಡ ಆಷಾಢದಲ್ಲಿ ಹೂ ಬಿಟ್ಟವು. ತಡವಾಗಿ ಹೂ ಬಿಟ್ಟ ಗಿಡಗಳಿಂದಲೇ ಬೀಜ ಹಿಡಿದಿದ್ದರೂ ಬೇಗ ಹೂ ಬಿಡುವುವು ಮತ್ತೆ ಹುಟ್ಟಿಕೊಂಡದ್ದರಿಂದ, ಬೆರಕೆಯ ಗುಣ ತಾಯಿಗಿಡದಲ್ಲಿ ತೋರದೆ ಅಡಗಿದ್ದು ಮಕ್ಕಳಲ್ಲಿ ಹೊರಬರುತ್ತದೆಂಬುದು ಕಣ್ಣಾರೆ ತಿಳಿಯಿತು. ಒಂದು ವರ್ಷ ಕಳೆ ಕಿತ್ತಂತೆ ಬೆರಕೆ ಕಿತ್ತರೆ ಸಾಲದು. ಹಾಗಾಗಿ ಈಗ ಒಂದೊಂದು ಗಿಡದ ಬೀಜವನ್ನೂ ಬೇರೆ ಬೇರೆ ಪೊಟ್ಟಣದಲ್ಲಿಟ್ಟು ನಂಬರು ಹಾಕುತ್ತೇನೆ. ಯಾವ ಗಿಡದ ಸಂತಾನದಲ್ಲಿ ಆಷಾಢದ ಹೂ ಕಂಡಿತೋ ಆ ಪೊಟ್ಟಣವನ್ನು ಪೂರ್ತಿ ಅಡುಗೆಮನೆಗೆ ಕಳಿಸುತ್ತೇನೆ.

ಬೀಜಕ್ಕೆ ಬಿಡುವ ಗಿಡದಿಂದ ಸಾರಿಗೆ ಕಾಯಿ ಕೀಳಬಾರದು. ಇದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಚೆನ್ನಾಗಿ ಬಿಟ್ಟ ಗಿಡದ ಕಡೆಗೇ ಕೈ ಹೋಗುತ್ತದೆ, ಕೊನೆಗೆ ಬೀಜಕ್ಕೆ ಉಳಿಯುವುದು ಬಡಕಲು ಗಿಡದ ಹುಳುಕು ಕಾಯಿ. ನಾನು ಬೀಜದ ಗಿಡಕ್ಕೆ ಕೆಂಪು ದಾರ ಕಟ್ಟುತ್ತೇನೆ, ಮನೆಯವರು ಅದನ್ನು ಮುಟ್ಟುವುದಿಲ್ಲ. ಹೂಗೊಂಚಲು ಅರಳುವ ಮುನ್ನ ಹಳೆಯ ಸೊಳ್ಳೆಪರದೆಯಲ್ಲಿ ಹೊಲಿದ ಚೀಲ ತೊಡಿಸಿ, ಕಾಯಿ ಕಚ್ಚಿದ ಮೇಲೆ ತೆಗೆದು ಅದೇ ಗೊಂಚಲಿಗೆ ಗುರುತು ಕಟ್ಟುತ್ತೇನೆ. ಕಾಯಿ ಬಳ್ಳಿಯಲ್ಲೇ ಒಣಗಬೇಕು, ಆದರೆ ಸಿಡಿಯುವವರೆಗೆ ಬಿಡಬಾರದು. ಇಬ್ಬನಿಯ ಮೆದು ಇನ್ನೂ ಇರುವ ಬೆಳಗಿನ ಹೊತ್ತಿನಲ್ಲಿ ಬಿಡಿಸಿದರೆ ಕಾಳು ಚೆಲ್ಲುವುದಿಲ್ಲ. ಎರಡು ದಿನ ನೆರಳು, ನಾಲ್ಕು ದಿನ ಎಳೆ ಬಿಸಿಲು. ಹಲ್ಲಿನಲ್ಲಿ ಕಚ್ಚಿದರೆ ಗುರುತು ಬೀಳದೆ ಕಟ್ಟೆಂದು ಒಡೆಯುವಷ್ಟು ಒಣಗಿರಬೇಕು.

ಇನ್ನು ಹುಳದ ಮಾತು. ಕಾಳಿಗೆ ತೂತು ಕೊರೆಯುವ ಹುಳ ಗಡಿಗೆಯಲ್ಲಿ ಹುಟ್ಟುವುದಲ್ಲ, ಅದರ ತತ್ತಿ ಹೊಲದಲ್ಲೇ ಕಾಯಿಯ ಮೇಲೆ ಅಂಟಿಕೊಂಡು ಬಂದಿರುತ್ತದೆ. ಆದ್ದರಿಂದ ಗಡಿಗೆಯ ಬಾಯಿಯನ್ನು ಎಷ್ಟು ಭದ್ರವಾಗಿ ಮುಚ್ಚಿದರೂ ಒಳಗಿನಿಂದಲೇ ಹಾಳಾಗುತ್ತದೆ. ಅಜ್ಜಿ ಬೀಜಕ್ಕೆ ಕೆಮ್ಮಣ್ಣನ್ನು ಕಲಸಿ ಸವರಿ ಒಣಗಿಸುತ್ತಿದ್ದಳು, ಮಣ್ಣಿನ ಪದರವಿದ್ದರೆ ಹುಳ ಮತ್ತೆ ತತ್ತಿಯಿಡುವುದಕ್ಕೂ ಒಂದು ಕಾಳಿನಿಂದ ಇನ್ನೊಂದಕ್ಕೆ ಹೋಗುವುದಕ್ಕೂ ತಡೆ. ಒಲೆಯ ಬೂದಿಯನ್ನು ಜರಡಿ ಹಿಡಿದು ಬೆರೆಸುವುದು ಇನ್ನೊಂದು ಕ್ರಮ, ಬೇವಿನ ಎಲೆಯನ್ನೋ ಹೊಂಗೆಯ ಎಲೆಯನ್ನೋ ಒಣಗಿಸಿ ಮೇಲೆ ಹಾಸುವುದು ಮತ್ತೊಂದು. ನನ್ನ ಅನುಭವದಲ್ಲಿ ಬೂದಿ ಚೆನ್ನಾಗಿ ಕೆಲಸ ಮಾಡುತ್ತದೆ, ಎಲೆಯೊಂದನ್ನೇ ನಂಬಿ ಕುಳಿತರೆ ಆಗದು. ಫ್ರೀಜರ್ ಇರುವವರು ಚೆನ್ನಾಗಿ ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯದೆ ಇದ್ದರೆ ತತ್ತಿಯೂ ಸಾಯುತ್ತದೆ, ಬೀಜಕ್ಕೂ ತೊಂದರೆಯಿಲ್ಲ. ಸರಿಯಾಗಿ ಒಣಗದ ಬೀಜವನ್ನು ಮಾತ್ರ ಫ್ರೀಜರಿಗೆ ಇಡಲೇಬಾರದು, ಒಳಗಿನ ನೀರು ಹೆಪ್ಪುಗಟ್ಟಿ ಮೊಳಕೆಯನ್ನೇ ಕೊಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಬೀಜ ಒಂದೇ ಮನೆಯಲ್ಲಿದ್ದರೆ ನಮ್ಮ ಅಟ್ಟದ ಗಡಿಗೆಗೆ ಬಂದ ಗತಿ ಮತ್ತೆ ಬರಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ವಿದೀ ಎಂಬವರು ಸಾವಿರಕ್ಕೂ ಹೆಚ್ಚು ಬಗೆಯ ಬೀನ್ಸ್ ಕೂಡಿಹಾಕಿದ್ದರು. ಅಷ್ಟನ್ನೂ ಒಬ್ಬರೇ ಬೆಳೆಯಲಾರದೆ ಪರಿಚಿತ ಅಪರಿಚಿತ ತೋಟಗಾರರಿಗೆ ಹಂಚಿ, ಬೆಳೆದು ಮರಳಿಸುವಂತೆ ಕೇಳುತ್ತಿದ್ದರು. ಕೊನೆಗೆ 1981ರಲ್ಲಿ ತಮ್ಮ ಸಂಗ್ರಹವನ್ನೆಲ್ಲ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಎಂಬ ಸಂಸ್ಥೆಗೆ ಒಪ್ಪಿಸಿದರು. 1975ರಲ್ಲಿ ಆರಂಭವಾದ ಆ ಸಂಸ್ಥೆಯ ಬೆನ್ನೆಲುಬು ಕೂಡ ಮನೆಯ ಹಿಂದೆ ಒಂದೆರಡು ಮಡಿ ಮಾಡಿಕೊಂಡ ಜನರೇ. ನಮ್ಮಲ್ಲಿ ಶಿರಸಿಯ ವನಸ್ತ್ರೀ ಬಳಗ 2001ರಿಂದ ಮಲೆನಾಡಿನ ಹಿತ್ತಲುಗಳ ಹೆಂಗಸರನ್ನು ಇದೇ ಕೆಲಸಕ್ಕೆ ಕೂಡಿಸಿಕೊಂಡು ಬಂದಿದೆ. ಅಲ್ಲಿನ ಅಡಿಕೆ ತೋಟದ ಮನೆಗಳಲ್ಲಿ ಅಲಸಂಡೆ, ಚಪ್ಪರದವರೆ, ಕತ್ತಿಯವರೆ ಇನ್ನೂ ಕಾಣಸಿಗುತ್ತಿದ್ದರೆ ಅದು ಅವರ ಕೈಗುಣ. ನಮ್ಮ ಗುಂಪು ಅಷ್ಟು ದೊಡ್ಡದೇನೂ ಅಲ್ಲ, ಅದಕ್ಕೊಂದು ಹೆಸರೂ ಇಲ್ಲ. ತುಮಕೂರು, ಗುಬ್ಬಿ, ಕುಣಿಗಲ್, ಮಾಗಡಿ ಕಡೆಯ ಹದಿನಾಲ್ಕು ಮನೆ. ಮುಕ್ಕಾಲುಪಾಲು ನೆಂಟರು, ಉಳಿದವರು ಸಂತೆಯಲ್ಲೋ ಬಸ್ಸಿನಲ್ಲೋ ಬೀಜದ ಮಾತು ತೆಗೆದು ಪರಿಚಯವಾದವರು.

ಬೀಜ ಹೀಗೆ ಹಂಚಿಕೊಳ್ಳುವುದಕ್ಕೆ ಕಾನೂನಿನ ತೊಡಕಿದೆಯೇ ಎಂದು ಹಲವರು ಅಂಜಿಕೆಯಿಂದ ಕೇಳುತ್ತಾರೆ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು ರೈತನಿಗೆ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ವಿನಿಮಯ ಮಾಡಿಕೊಳ್ಳುವ, ಹಂಚುವ, ಮಾರುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಚ್ಚಿ ಮಾರುವುದಕ್ಕೆ ಮಾತ್ರ ಅಡ್ಡಿ. ಅಜ್ಜಿಯ ಗಂಟಿನ ಬೀಜಕ್ಕೆ ಅಂಜಬೇಕಾದ್ದೇನೂ ಇಲ್ಲ.

ಮೊದಲ ವರ್ಷ ಕೊಟ್ಟ ಏಳು ಮನೆಗಳಲ್ಲಿ ಮರಳಿ ಬೀಜ ಬಂದದ್ದು ಮೂರರಿಂದ. ಒಂದು ಕಡೆ ಕೋತಿ ಬಂದು ಚಪ್ಪರವನ್ನೇ ಎಳೆದುಹಾಕಿತು, ಇನ್ನೊಂದು ಕಡೆ ಕಾಯಿ ತುಂಬ ರುಚಿಯಾಗಿದ್ದುದರಿಂದ ಒಂದನ್ನೂ ಉಳಿಸದೆ ತಿಂದರು, ಮತ್ತೆರಡು ಮನೆಯಲ್ಲಿ ನವೆಂಬರ್ ಬಂದರೂ ಹೂ ಬಿಡಲಿಲ್ಲವೆಂದು ಬೇಸತ್ತು ಕಿತ್ತುಬಿಟ್ಟರು. ಆ ಎರಡು ಮನೆಗೆ ಕೊಡುವಾಗ ಇದು ಇರುಳಿಗೆ ಕಾಯುವ ಗಿಡವೆಂದು ನಾನು ಹೇಳಿರಲಿಲ್ಲ. ಈಗ ಪೊಟ್ಟಣದ ಜೊತೆಗೆ ನೋಟ್‌ಬುಕ್ಕಿನ ಆ ಪುಟದ ಪ್ರತಿಯನ್ನೂ ಕೊಡುತ್ತೇನೆ, ಹತ್ತು ಒಣ ಕಾಳು ಅಂಟಿಸಿದ ಒಂದು ರಟ್ಟನ್ನೂ ಕೊಡುತ್ತೇನೆ, ಮೊದಲ ಕಾಯಿ ಬಲಿತಾಗ ಬಂದು ನೋಡುತ್ತೇನೆಂದು ಹೇಳಿ ನಿಜವಾಗಿಯೂ ಹೋಗುತ್ತೇನೆ. ಕೊಟ್ಟ ಒಂದು ಪಾಲಿಗೆ ಸಂಕ್ರಾಂತಿ ಕಳೆದ ಮೇಲೆ ಎರಡು ಪಾಲು ಮರಳಿಸಬೇಕೆಂಬುದು ನಮ್ಮೊಳಗಿನ ಕರಾರು. ಆ ಎರಡನೆಯ ಪಾಲು ಹೊಸ ಮನೆಗೆ ಹೋಗುತ್ತದೆ.

ಕಳೆದ ವರ್ಷ 38 ಗಿಡ ಊರಿದ್ದೆ, ಆಷಾಢದಲ್ಲಿ ಒಂದೂ ಹೂ ಬಿಡಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮನಿಗೆ ಕಣ್ಣಿನ ಪೊರೆ ಬೆಳೆದು ಹಿತ್ತಲಿಗೆ ಇಳಿಯುವುದು ಕಷ್ಟವಾಗಿತ್ತು. ಧನುರ್ಮಾಸದ ಒಂದು ಮುಂಜಾನೆ ಪ್ರತಿ ಗಿಡದಿಂದ ಒಂದೊಂದು ಗೊಂಚಲು ಬಲಿತ ಕಾಯಿ ಕೊಯ್ದು, ತೊಟ್ಟಿಗೆ ನಂಬರಿನ ಚೀಟಿ ಕಟ್ಟಿ, ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ. ಜಗುಲಿಯ ಮೇಲೆ ಕುಳಿತು ಅವರು ಒಂದೊಂದನ್ನೇ ಉಜ್ಜಿ ಮೂಸಿ ಎಡಕ್ಕಿಡುತ್ತ ಹೋದರು. ಒಂದನ್ನು ಮಾತ್ರ ಎರಡು ಸಲ ಮೂಸಿ, "ಇದ್ಯಾಕೋ ಸಪ್ಪೆ" ಎಂದು ಬಲಕ್ಕೆ ಇಟ್ಟರು. ಚೀಟಿ ನೋಡಿದೆ: 17. ಮನೆಗೆ ಬಂದು ನೋಟ್‌ಬುಕ್ಕು ತೆಗೆದರೆ, 17ನೆಯ ಗಿಡ ಉಳಿದೆಲ್ಲಕ್ಕಿಂತ ಹನ್ನೊಂದು ದಿನ ಮೊದಲು ಹೂ ಬಿಟ್ಟದ್ದೆಂದು ನನ್ನ ಕೈಬರಹದಲ್ಲೇ ಇತ್ತು, ನಾನದನ್ನು ಬರೆದೂ ಗಮನಿಸಿರಲಿಲ್ಲ.

ಆ ಗಿಡದ ಕಾಯಿಯನ್ನೆಲ್ಲ ಅಂದು ರಾತ್ರಿಯೇ ಬಿಡಿಸಿ ಸಾರು ಮಾಡಿದೆವು. ಉಳಿದ 37 ಗಿಡದ ಬೀಜ ಬೂದಿ ಬೆರೆತು ಗಡಿಗೆಯಲ್ಲಿದೆ. ಮಾಘದಲ್ಲಿ ಒಂಬತ್ತು ಪೊಟ್ಟಣ ಹೊರಟವು, ಅವುಗಳಲ್ಲಿ ಒಂದು ಅತ್ತೆಯ ಮನೆಗೆ. ಅಲ್ಲಿ ಅವರ ಮೊಮ್ಮಗಳು ಈ ಬಾರಿ ಹೊಲದಲ್ಲಿ ಬೇಡ, ಮನೆಯ ಹಿಂದೆ ಒಂಟಿಯಾಗಿ ಊರುತ್ತೇನೆಂದು ಹೇಳಿದ್ದಾಳೆ, ರೋಹಿಣಿ ಮಳೆಗೆ.